ಕ್ಯಾಂಪಸ್ ತೋಟಕ್ಕೆ ಹೊಸ ಬೋರ್: ಗೇಟ್ ಹತ್ತಿರವೋ, ಗೋಕಟ್ಟೆ ಮಗ್ಗುಲಲ್ಲೋ?

ಶೇಂಗಾಹೊಲ (ಚಿತ್ರದುರ್ಗ)

ಎಲ್ಲರಿಗೂ ನಮಸ್ಕಾರ. ನಾನು ಚಿತ್ರದುರ್ಗದಿಂದ ಚಳ್ಳಕೆರೆ ಕಡೆಗಿರುವ ಒಂದು ಕಾಲೇಜಿನಲ್ಲಿ ಬಾಟನಿ ಲ್ಯಾಬ್ ಅಟೆಂಡರ್. ಹೆಸರಿಗೆ ಲ್ಯಾಬ್, ಕೆಲಸ ಪೂರ್ತಿ ತೋಟದ್ದು. 24 ಎಕರೆ ಕ್ಯಾಂಪಸ್‌ನ ಗಿಡ, ಪೈಪು, ವಾಲ್ವು, ಮೋಟಾರು ಎಲ್ಲ ನನ್ನ ತಲೆ ಮೇಲೆ. ಮೋಟಾರು ಸುಟ್ಟರೂ ನನಗೇ ಫೋನು, ಗುಲಾಬಿ ಬಾಡಿದರೂ ನನಗೇ ಫೋನು.

ಈಗ ತೋಟಕ್ಕೆ ಅಂತಲೇ ಒಂದು ಹೊಸ ಬೋರ್ ಕೊರೆಸಲು ಆಡಳಿತ ಮಂಡಳಿ ಒಪ್ಪಿದೆ. ಒಂದೇ ಒಂದು. ಫೇಲ್ ಆದರೆ ಇನ್ನೊಂದಕ್ಕೆ ದುಡ್ಡಿಲ್ಲ ಅಂತ ಮೀಟಿಂಗ್‌ನಲ್ಲೇ ಹೇಳಿಬಿಟ್ಟಿದ್ದಾರೆ. ಜಾಗ ಎಲ್ಲಿ ಅನ್ನುವುದರಲ್ಲಿ ಮಾತ್ರ ಒಬ್ಬೊಬ್ಬರದು ಒಂದೊಂದು ದಿಕ್ಕು.

ಮೊದಲು ನಮ್ಮ ನೆಲ ಹೇಗಿದೆ ಹೇಳುತ್ತೇನೆ. ಪಶ್ಚಿಮಕ್ಕೆ ಎತ್ತರದ ಮರಡಿ. ಅಲ್ಲಿ ಬೂದು ಬಣ್ಣದ ಬಂಡೆ ಮೇಲೆಯೇ ಕಾಣುತ್ತದೆ. ಅಲ್ಲಿಂದ ಪೂರ್ವಕ್ಕೆ ಇಳಿಜಾರು. ನಡುವೆ ಹಾಸ್ಟೆಲ್, ಕ್ಲಾಸ್ ರೂಮುಗಳು, ಓವರ್‌ಹೆಡ್ ಟ್ಯಾಂಕು. ಪೂರ್ವದ ಅಂಚಿಗೆ ಆಫೀಸು, ಗೇಟು, ಟ್ರಾನ್ಸ್‌ಫಾರ್ಮರ್, ರಸ್ತೆ. ದಕ್ಷಿಣದ ಕಡೆ ಒಂದು ಹಳೇ ಗೋಕಟ್ಟೆ ಇದೆ. ಕಾಲೇಜು ಬರುವ ಮುಂಚೆ ಊರಿನ ದನ ಕುರಿ ನೀರು ಕುಡಿಯುತ್ತಿದ್ದ ಕಟ್ಟೆ. ಮಳೆ ಚೆನ್ನಾಗಿ ಆದ ವರ್ಷ ಸಂಕ್ರಾಂತಿವರೆಗೂ ನೀರು ನಿಲ್ಲುತ್ತದೆ.

ಗೇಟ್ ಹತ್ತಿರದ ಪಾಯಿಂಟ್ ತೆಂಗಿನಕಾಯಿ ಹಿಡಿದು ನೀರು ನೋಡುವವರು ಕೊಟ್ಟದ್ದು. ಅಂಗೈ ಮೇಲೆ ಮಲಗಿಸಿದ ಕಾಯಿ ಅಲ್ಲಿ ಎದ್ದು ನಿಂತಿತು. 350 ಅಡಿಗೆ ಮೂರು ಇಂಚು ನೀರು ಅಂತ ಹೇಳಿ ಹೋದರು. ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲೇ ಇದೆ, ಕೇಬಲ್ ಖರ್ಚಿಲ್ಲ. ಹಾಗಾಗಿ ಮಂಡಳಿಯ ಅರ್ಧ ಜನ ಅದಕ್ಕೇ ಸೈ ಅನ್ನುತ್ತಿದ್ದಾರೆ. ಪ್ರಿನ್ಸಿಪಾಲರಿಗೆ ಹಾಸ್ಟೆಲ್ ಹಿಂದುಗಡೆ ಬೇಕು, ಟ್ಯಾಂಕು ಅಲ್ಲೇ ಇದೆಯಲ್ಲ ಅಂತ. ನನ್ನ ಮನಸ್ಸು ಮಾತ್ರ ಗೋಕಟ್ಟೆಯ ಏರಿ, ಅಂದರೆ ನೀರು ತಡೆಯುವ ಮಣ್ಣಿನ ಒಡ್ಡು, ಅದರ ಕೆಳಗೆ. ಅಲ್ಲಿಂದ ಟ್ಯಾಂಕಿಗೆ ಸುಮಾರು 220 ಮೀಟರ್ ಪೈಪ್ ಎಳೆಯಬೇಕು. ಆ ಖರ್ಚಿನ ಮಾತು ಬಂದ ಕೂಡಲೇ ನನ್ನ ಮಾತು ಬಿದ್ದುಹೋಗುತ್ತದೆ.

ಹಳೆಯ ಬೋರ್ ಎರಡಿವೆ. ಆಫೀಸ್ ಹತ್ತಿರದ್ದು 1996ರದು, 240 ಅಡಿ. ಕುಡಿಯುವ ನೀರಿಗೆ ಅದೊಂದೇ ಗತಿ. ಕಾಯಿ ನಿಂತ ಜಾಗ ಅದರಿಂದ 60 ಮೀಟರ್ ಇರಬಹುದು. ಇನ್ನೊಂದು ಗೋಕಟ್ಟೆಗೂ ಆಟದ ಮೈದಾನಕ್ಕೂ ನಡುವೆ, 2014ರಲ್ಲಿ ಕೊರೆದದ್ದು, 610 ಅಡಿ. ಅದು 2017ರ ಬೇಸಿಗೆಯಲ್ಲಿ ನಿಂತುಹೋಯಿತು.

ಅಪ್ಪ ಶೇಂಗಾ ಬೆಳೆಯುತ್ತಿದ್ದವರು, ಮಳೆ ನಂಬಿದವರು. ಬೋರ್ ವಿಷಯ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ತಿಳಿದವರು ದಯವಿಟ್ಟು ಹೇಳಿ.

ಅಡಿಕೆ ಭರಮಸಾಗರ

ಅಣ್ಣಾ, ಕಲ್ಲಿನ ವಿಷಯ ಬಲ್ಲವರು ಬಂದು ಹೇಳುತ್ತಾರೆ. ನಾನು ಕಾಯಿ ವಿಷಯ ಹೇಳುತ್ತೇನೆ. ನಮ್ಮ ಕಡೆ ಕಾಯಿ ಹಿಡಿದವರು, ಬೇವಿನ ಕವಲು ಕಡ್ಡಿ ಹಿಡಿದವರು, ಬೀಗದ ಕೈ ಗೊಂಚಲು ತೂಗಿಸಿದವರು ಎಲ್ಲರೂ ಬಂದು ಹೋಗಿದ್ದಾರೆ. ಒಂದೇ ಹೊಲದಲ್ಲಿ ಮೂವರಿಗೆ ಮೂರು ಕಡೆ ಕಾಯಿ ನಿಂತದ್ದನ್ನು ಕಣ್ಣಾರೆ ನೋಡಿದ್ದೇನೆ. ನೀರು ಬಿದ್ದವರು ಊರೆಲ್ಲ ಕಾಯಿ ಹಿಡಿದವರ ಹೆಸರು ಹೇಳುತ್ತಾರೆ. ಧೂಳು ಬಂದವರು ನಮ್ಮ ಹಣೆಬರಹ ಅಂತ ಸುಮ್ನಾಗುತ್ತಾರೆ. ಕಾಯಿಯವರ ಹೆಸರು ಕೆಡುವುದಾದರೂ ಹೇಗೆ ಹೇಳಿ?

ಮಂಡಳಿಯವರಿಗೆ ಬೇಜಾರಾಗಬಾರದು ಅಂದರೆ ಗುದ್ದಲಿ ಪೂಜೆ ಆ ಕಾಯಿ ಹಿಡಿದ ಯಜಮಾನರ ಕೈಲೇ ಮಾಡಿಸಿ. ಪಾಯಿಂಟ್ ಮಾತ್ರ ಬೇರೆ ಕಡೆ ಇಡಿ.

ಕಲ್ಲುಮಣ್ಣು

ಅಂತರ್ಜಲದ ಕೆಲಸದಲ್ಲೇ ನಿವೃತ್ತಿಯಾದವನು ನಾನು. ನೆಲ ಹೇಗಿದೆ ಅಂತ ಇಷ್ಟು ಚೆನ್ನಾಗಿ ಬರೆದು ಕೇಳಿದವರು ಅಪರೂಪ. ಆದರೂ ಮುಖ್ಯವಾದ ಒಂದು ಬಿಟ್ಟಿದ್ದೀರಿ. ದಿನಕ್ಕೆ ಎಷ್ಟು ನೀರು ಬೇಕು? ಯಾರೂ ಇದನ್ನು ಲೆಕ್ಕ ಹಾಕುವುದಿಲ್ಲ. ಜಾಸ್ತಿ ಬಿದ್ದರೆ ಒಳ್ಳೆಯದು ಅಂತ ಸಾವಿರ ಅಡಿಗೆ ಹೋಗುತ್ತಾರೆ. ಎಷ್ಟು ತೆಂಗು, ಎಷ್ಟು ಗಿಡ, ಎಷ್ಟು ಲಾನ್, ಬರೆಯಿರಿ.

ಈಗ ಕಲ್ಲಿಗೆ ಬರುತ್ತೇನೆ. ದುರ್ಗದ ಪೂರ್ವಕ್ಕೆ, ನಿಮ್ಮ ಚಳ್ಳಕೆರೆ ಕಡೆ, ಹೆಚ್ಚಾಗಿ ಗ್ರಾನೈಟು ಮತ್ತು ನೈಸ್ (gneiss) ಅನ್ನುವ ಪಟ್ಟೆ ಪಟ್ಟೆ ಕಲ್ಲು. ಊರಿನ ಪಕ್ಕದ ಜೋಗಿಮಟ್ಟಿ, ಇಂಗಳದಾಳ್ ಕಡೆಯ ಶಿಸ್ಟ್ ಅನ್ನುವ ಪದರ ಪದರ ಕಲ್ಲಿನ ಪಟ್ಟಿಯ ಕಥೆ ಬೇರೆ. ಗಟ್ಟಿ ನೈಸ್ ಕಲ್ಲಿನ ಮೈಯೊಳಗೆ ನೀರಿಗೆ ಜಾಗವಿಲ್ಲ. ನೀರು ಇರುವುದು ಎರಡೇ ಕಡೆ. ಮೇಲಿನ ಕೊಳೆತ ಕಲ್ಲಿನಲ್ಲಿ, ಅಂದರೆ ನೀವು ಗರಸು ಅನ್ನುತ್ತೀರಲ್ಲ ಅದರಲ್ಲಿ. ಮತ್ತೆ ಅದರ ಕೆಳಗಿನ ಬಿರುಕುಗಳಲ್ಲಿ. ಗರಸು ನೀರು ಕೂಡಿಡುತ್ತದೆ, ಬಿರುಕು ಅದನ್ನು ಬೋರಿಗೆ ತಂದು ಕೊಡುತ್ತದೆ. ಗರಸು ತೆಳುವಾಗಿದ್ದರೆ ಬಿರುಕು ಎಷ್ಟು ದೊಡ್ಡದಿದ್ದರೂ ಎರಡು ಬೇಸಿಗೆಗೆ ಖಾಲಿ. ಆಳಕ್ಕೆ ಹೋದ ಹಾಗೆಲ್ಲ ಬಿರುಕುಗಳೂ ಕಮ್ಮಿಯಾಗುತ್ತವೆ.

ಹಾಗಾಗಿ ಗರಸು ಎಲ್ಲಿ ದಪ್ಪಗಿದೆ ಅಂತ ಮೊದಲು ಹುಡುಕಬೇಕು. ಅದಕ್ಕೆ ನಿಮ್ಮ ಹತ್ತಿರ ಆಗಲೇ ಒಂದು ದಾಖಲೆ ಇದೆ. ಹಳೆಯ ಎರಡೂ ಬೋರಿನ ಬಿಲ್ ತೆಗೆಯಿರಿ. ಕೇಸಿಂಗ್, ಅಂದರೆ ಮೇಲಿನ ಮಣ್ಣು ಕುಸಿಯದ ಹಾಗೆ ಬೋರಿಗೆ ಹಾಕುವ ಪೈಪು, ಎಷ್ಟು ಅಡಿ ಇಳಿಸಿದ್ದಾರೆ ನೋಡಿ. ಗಟ್ಟಿ ಕಲ್ಲು ಸಿಗುವವರೆಗೆ ಕೇಸಿಂಗ್ ಇಳಿಸುತ್ತಾರೆ. ಆದ್ದರಿಂದ ಆ ಅಳತೆಯೇ ಗರಸಿನ ದಪ್ಪ, ಹೆಚ್ಚು ಕಮ್ಮಿ.

ಎರಡನೇ ಪ್ರಶ್ನೆ. ಕ್ಯಾಂಪಸ್ ಒಳಗೆ ಎಲ್ಲಾದರೂ ಕರಿಕಲ್ಲು ಸಾಲಾಗಿ ಬಿದ್ದಿದೆಯಾ? ಬೂದು ಬಂಡೆ ಅಲ್ಲ. ತುಂಡು ತುಂಡಾಗಿ, ಉರುಟಾಗಿ, ಬಡಿದರೆ ಠಣ್ ಅನ್ನುವ ಕಪ್ಪು ಕಲ್ಲು. ಅದು ಡೊಲೆರೈಟ್ ಡೈಕ್. ಹಳೆಯ ಬಂಡೆಯ ಸೀಳಿನೊಳಗೆ ಕರಗಿದ ಕಲ್ಲು ನುಗ್ಗಿ ಗಟ್ಟಿಯಾದದ್ದು. ಇಳಿಜಾರಿಗೆ ಅಡ್ಡಲಾಗಿ ಬಂದಿದ್ದರೆ ಅದು ನೆಲದೊಳಗಿನ ಏರಿ. ಮೇಲಿಂದ ಇಳಿದು ಬರುವ ನೀರು ಅದರ ಹಿಂದೆ ನಿಲ್ಲುತ್ತದೆ. ಆಗ ಏರಿಯ ಕೆಳಗೆ ಅನ್ನುವ ನಿಮ್ಮ ಜಾಗವನ್ನೂ ಬದಲಾಯಿಸಬೇಕಾಗಬಹುದು.

ಗೇಟಿನ ಜಾಗದ ಬಗ್ಗೆ ಕಲ್ಲು ನೋಡದೆಯೇ ಹೇಳಬಹುದು, ಬೇಡ. 60 ಮೀಟರ್ ದೂರದಲ್ಲಿ ಕುಡಿಯುವ ನೀರಿನ ಬೋರ್ ಇದೆ. ಎರಡೂ ಒಂದೇ ಬಿರುಕಿನಿಂದ ಎಳೆದರೆ ಲಾನಿಗೆ ನೀರು ಬಿಟ್ಟ ದಿನ ಹಾಸ್ಟೆಲ್‌ನಲ್ಲಿ ಕುಡಿಯಲು ನೀರಿಲ್ಲ. ರಸ್ತೆ ಆಚೆ ಪಂಚಾಯಿತಿಯ ಬೋರ್ ಏನಾದರೂ ಇದೆಯಾ ಅದನ್ನೂ ನೋಡಿ. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿ ಇಲ್ಲದೆ ಬಾವಿ ತೋಡುವ ಹಾಗಿಲ್ಲ. ಅದು 1999ರ ಕಾಯ್ದೆ. ಇದಲ್ಲದೆ 2011ರ ಅಂತರ್ಜಲ ಕಾಯ್ದೆಯೂ ಇದೆ. ಅಧಿಸೂಚಿತ ತಾಲ್ಲೂಕಾದರೆ, ಅಂದರೆ ಸರ್ಕಾರ ಆ ಕಾಯ್ದೆಗೆ ಹೆಸರಿಸಿದ ತಾಲ್ಲೂಕಾದರೆ, ಕೊರೆಯುವ ಮುಂಚೆ ಅರ್ಜಿ ಹಾಕಿ ಅನುಮತಿ ಪಡೆಯಬೇಕು. ಜಿಲ್ಲೆಯ ಅಂತರ್ಜಲ ಕಚೇರಿಗೆ ಹೋದರೆ ನಿಮ್ಮ ತಾಲ್ಲೂಕಿನ ಸ್ಥಿತಿ ಹೇಳುತ್ತಾರೆ. ಅಲ್ಲೇ ಸರ್ವೆಗೂ ಕೇಳಿ.

ಶೇಂಗಾಹೊಲ (ಚಿತ್ರದುರ್ಗ)

ಸರ್, ಬಿಲ್ ಹುಡುಕಲು ಅಕೌಂಟ್ಸ್ ಸೆಕ್ಷನ್‌ನ ಬೀರು ಪೂರ್ತಿ ಕೆದಕಿದೆ. ಸಿಕ್ಕಿತು. ಆಫೀಸ್ ಬೋರಿಗೆ ಕೇಸಿಂಗ್ 28 ಅಡಿ. ಗೋಕಟ್ಟೆ ಕಡೆಯ 610 ಅಡಿ ಬೋರಿಗೆ 62 ಅಡಿ! ಎಷ್ಟು ಅಡಿಗೆ ನೀರು ಬಿತ್ತು ಅಂತ ಮಾತ್ರ ಎಲ್ಲೂ ಬರೆದಿಲ್ಲ. ದುಡ್ಡಿನ ಲೆಕ್ಕ ಪೈಸೆ ಪೈಸೆಗೂ ಇದೆ.

ಕರಿಕಲ್ಲು ಇದೆ ಸರ್. ದಿನಾ ಅದರ ಮೇಲೆ ಕೂತು ಬುತ್ತಿ ಉಣ್ಣುತ್ತೇನೆ. ದಕ್ಷಿಣದಿಂದ ಉತ್ತರಕ್ಕೆ ಹೋಗುತ್ತದೆ, ಮೈದಾನದ ಪೂರ್ವ ಅಂಚಿನಲ್ಲಿ. ಗೋಕಟ್ಟೆಯ ಏರಿ ಇರುವುದೇ ಆ ಸಾಲಿನ ಮೇಲೆ. ಅಂದರೆ ಹಳಬರು ಆ ಕಲ್ಲಿಗೇ ಮಣ್ಣು ಒರಗಿಸಿ ಕಟ್ಟೆ ಕಟ್ಟಿದ್ದಾರೆ ಅಂತ ಈಗ ಅನ್ನಿಸುತ್ತಿದೆ. ಗೇಟು, ಆಫೀಸು ಎರಡೂ ಸಾಲಿನ ಆಚೆಗೆ, ಪೂರ್ವಕ್ಕೆ ಬೀಳುತ್ತವೆ.

ಇನ್ನೊಂದು ವಿಷಯ ಹೇಳುವುದು ಬಿಟ್ಟಿತ್ತು. 2022ರಲ್ಲಿ ಮಾರಿಕಣಿವೆ (ವಾಣಿವಿಲಾಸ ಸಾಗರ) ಡ್ಯಾಮ್ 89 ವರ್ಷ ಆದಮೇಲೆ ಕೋಡಿ ಬಿತ್ತಲ್ಲ, ಆ ವರ್ಷ ಈ ಒಣಗಿದ ಬೋರಿಗೂ ನೀರು ಬಂದಿತ್ತು. ಕಲ್ಲು ಕಟ್ಟಿ ದಾರ ಬಿಟ್ಟು ನೋಡಿದರೆ 80 ಅಡಿಗೇ ನೀರು ಸಿಗುತ್ತಿತ್ತು. 2023ರ ಬರ ಬಂತು ನೋಡಿ, ಮುಂದಿನ ಬೇಸಿಗೆಗೆ ಮತ್ತೆ ಖಾಲಿ.

ಪಂಚಾಯಿತಿ ಬೋರ್ ರಸ್ತೆ ಆಚೆ ಇದೆ, ಗೇಟಿನಿಂದ ಸುಮಾರು 200 ಮೀಟರ್. ಗೋಕಟ್ಟೆಯಿಂದ ಲೆಕ್ಕ ಹಾಕಿದರೆ 500 ದಾಟುತ್ತದೆ, ಸ್ವಲ್ಪದರಲ್ಲೇ.

ನೀರಿನ ಲೆಕ್ಕ: ತೆಂಗು 120. ಬೇವು, ಹೊಂಗೆ, ಮಹಾಗನಿ ಸಸಿ 400. ಗೇಟಿನ ಎದುರು ಹೊಸದಾಗಿ ಅರ್ಧ ಎಕರೆ ಲಾನ್ ಬೇಕಂತೆ. ಲಿಟರ್‌ನಲ್ಲಿ ಹೇಗೆ ಹೇಳುವುದು ಗೊತ್ತಿಲ್ಲ.

ಕಲ್ಲುಮಣ್ಣು

ಬುತ್ತಿ ಉಣ್ಣುವ ಕಲ್ಲೇ ಉತ್ತರ ಹೇಳಿತು ನೋಡಿ.

ಮೊದಲು ಲಿಟರ್ ಲೆಕ್ಕ. ಬೇಸಿಗೆಯಲ್ಲಿ ಲಾನಿಗೆ ಒಂದು ಚದರ ಮೀಟರಿಗೆ ದಿನಕ್ಕೆ 5 ಲಿಟರ್ ಹಿಡಿಯಿರಿ. ಅರ್ಧ ಎಕರೆ ಅಂದರೆ ಸುಮಾರು 2,000 ಚದರ ಮೀಟರ್, ಅಂದರೆ 10,000 ಲಿಟರ್. ತೆಂಗಿಗೆ ಡ್ರಿಪ್‌ನಲ್ಲಿ ಗಿಡಕ್ಕೆ 50 ಲಿಟರ್ ಅಂದರೆ 6,000. ಸಸಿಗಳಿಗೆ ವಾರಕ್ಕೆ ಎರಡು ಸಲ 10 ಲಿಟರ್ ಕೊಟ್ಟರೆ ದಿನಕ್ಕೆ 1,200ರ ಹತ್ತಿರ. ಒಟ್ಟು 17,000 ಲಿಟರ್ ಚಿಲ್ಲರೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಲಾನೇ ಕುಡಿಯುತ್ತದೆ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಜಾಗದಲ್ಲಿ ಗೇಟಿನ ಎದುರು ಹಸಿರು ಜಮಖಾನ ಯಾಕೆ ಬೇಕು ಅಂತ ಮಂಡಳಿಯವರನ್ನು ಕೇಳಿ. ನಾನು ಕೇಳಿದೆ ಅಂತಲೇ ಹೇಳಿ, ಪರವಾಗಿಲ್ಲ.

ಈಗ ಜಾಗ. ನಿಮ್ಮ ಕರಿಕಲ್ಲು ಸಾಲು ಇಳಿಜಾರಿಗೆ ಅಡ್ಡಲಾಗಿದೆ. ಅದರ ಪಶ್ಚಿಮಕ್ಕೆ ಗರಸು 62 ಅಡಿ, ಪೂರ್ವಕ್ಕೆ 28 ಅಡಿ. 610 ಅಡಿಯ ಬೋರ್ ಪಶ್ಚಿಮದ್ದು. ಒಳ್ಳೆಯ ಮಳೆ ಬಂದಾಗ 80 ಅಡಿಗೆ ನೀರು ಏರಿತು ಅಂದರೆ ಅದು ಸತ್ತ ಬೋರ್ ಅಲ್ಲ. ಅಲ್ಲಿ ನೀರು ಇಳಿಯುವ ದಾರಿ ಇದೆ. ಇಳಿಯಲು ನೀರೇ ಇರಲಿಲ್ಲ, ಅಷ್ಟೇ.

ಆದ್ದರಿಂದ ಹೊಸ ಬೋರ್ ಏರಿಯ ಕೆಳಗೆ ಬೇಡ. ಅದು ಡೈಕ್‌ನ ಆಚೆ ಮಗ್ಗುಲಾಗುತ್ತದೆ. ಗೋಕಟ್ಟೆಯ ಉತ್ತರದ ದಂಡೆಯಲ್ಲಿ, ಕರಿಕಲ್ಲು ಸಾಲಿನಿಂದ ಸ್ವಲ್ಪ ಪಶ್ಚಿಮಕ್ಕೆ ಸರಿದು ನೋಡಿ. ಕಟ್ಟೆ ತುಂಬಿದಾಗ ನೀರು ಮುಟ್ಟದ ಎತ್ತರ ಇರಬೇಕು. ಇಲ್ಲದಿದ್ದರೆ ಕೆಸರು ನೀರು ಕೇಸಿಂಗ್ ಒಳಗೆ ಹೋಗುತ್ತದೆ. ಸರಿಯಾಗಿ ಯಾವ ಜಾಗ ಅನ್ನುವುದನ್ನು ರೆಸಿಸ್ಟಿವಿಟಿ ಸರ್ವೆ ಮಾಡಿಸಿಯೇ ತೀರ್ಮಾನಿಸಿ. ಕೆಲವು ಕಡೆ ಡೈಕ್ ತಾನೇ ಒಡೆದಿರುತ್ತದೆ, ಆಗ ನೀರು ಅದರೊಳಗೇ ಹರಿದು ಹೋಗಿರುತ್ತದೆ. ಅದಕ್ಕೆ ಸಾಲಿನ ಎರಡೂ ಕಡೆ ಅಳತೆ ತೆಗೆಸಿ.

ಸರ್ವೆಯವರು ನಾಲ್ಕು ಕಬ್ಬಿಣದ ಸರಳು ಒಂದೇ ಗೆರೆಯಲ್ಲಿ ನೆಡುತ್ತಾರೆ. ಹೊರಗಿನ ಎರಡರಲ್ಲಿ ಕರೆಂಟ್ ಬಿಟ್ಟು ಒಳಗಿನ ಎರಡರಲ್ಲಿ ವೋಲ್ಟೇಜ್ ಅಳೆಯುತ್ತಾರೆ. ಹೊರಗಿನ ಸರಳು ದೂರ ಹೋದಷ್ಟೂ ಆಳದ ಸುದ್ದಿ ಸಿಗುತ್ತದೆ. ನಿಮ್ಮ ಕ್ಯಾಂಪಸ್ ಉದ್ದ ಹೆಚ್ಚೆಂದರೆ 300 ಮೀಟರ್ ಇರಬಹುದು. ಹಾಗಾಗಿ ನಂಬುವಂಥ ಆಳ 200 ಅಡಿ ಆಸುಪಾಸು. ಗರಸಿನ ದಪ್ಪ, ಅದರ ಕೆಳಗಿನ ಬಿರುಕಿನ ಪದರ ತಿಳಿಯಲು ಅಷ್ಟು ಸಾಕು. ನಿಂತ ಜಾಗದಲ್ಲೇ ನಿಂತು 1,000 ಅಡಿಯ ಸುದ್ದಿ ಹೇಳುತ್ತೇವೆ ಅಂತ ಬಂದವರಿಗೆ ಟೀ ಕೊಟ್ಟು ಕಳಿಸಿ.

ಇನ್ನೂ ಒಂದು ಎಚ್ಚರ. ಯಂತ್ರ ನೀರನ್ನು ತೋರಿಸುವುದಿಲ್ಲ. ನೆಲದಲ್ಲಿ ಕರೆಂಟ್ ಎಷ್ಟು ಸಲೀಸಾಗಿ ಹೋಗುತ್ತದೆ ಅನ್ನುವುದನ್ನು ಮಾತ್ರ ತೋರಿಸುತ್ತದೆ. ಜಿಗಟು ಮಣ್ಣೂ ನೀರಿನ ಹಾಗೇ ಕಾಣುತ್ತದೆ, ಸವಳು ನೀರೂ ಹಾಗೇ. ಹೂತಿಟ್ಟ ಕಬ್ಬಿಣದ ಪೈಪು, ಕೇಬಲ್ಲು, ತಂತಿ ಬೇಲಿ ಹತ್ತಿರವಿದ್ದರೆ ಲೆಕ್ಕ ಪೂರ್ತಿ ತಪ್ಪುತ್ತದೆ. ಗೇಟ್ ಹತ್ತಿರ, ಹಾಸ್ಟೆಲ್ ಹಿಂದೆ ಸರ್ವೆ ಮಾಡಿದರೂ ಉಪಯೋಗ ಅಷ್ಟಕ್ಕಷ್ಟೇ. ಪೈಪ್ ಎಲ್ಲೆಲ್ಲಿ ಹೂತಿದೆ ಅಂತ ನಿಮಗೇ ಗೊತ್ತಿರುತ್ತದೆ. ಅವರು ಬರುವ ಮುಂಚೆ ಗುರುತು ಹಾಕಿಡಿ.

ಸರ್ವೆಯೂ ಕೊರೆಯುವುದೂ ಏಪ್ರಿಲ್ ಮೇ ತಿಂಗಳಲ್ಲಿ ಆಗಲಿ. ದೀಪಾವಳಿ ಹೊತ್ತಿಗೆ ಎಲ್ಲ ಬೋರೂ ಒಳ್ಳೆಯ ಬೋರೇ.

ಹಾಸ್ಟೆಲ್ ಮೇಡಂ (ದಾವಣಗೆರೆ)

ನಾನು ಹುಡುಗಿಯರ ಹಾಸ್ಟೆಲ್ ವಾರ್ಡನ್. ಹಾಸ್ಟೆಲ್ ಹಿಂದೆ ಬೋರ್ ಅಂದಿದ್ದಕ್ಕೆ ಬರೆಯುತ್ತಿದ್ದೇನೆ. ಸೆಪ್ಟಿಕ್ ಟ್ಯಾಂಕು, ಸೋಕ್ ಪಿಟ್ ಎಲ್ಲಿವೆ ನೋಡಿದ್ದೀರಾ? ಹೆಚ್ಚಿನ ಕಡೆ ಕಟ್ಟಡದ ಹಿಂದೆಯೇ ಇರುತ್ತವೆ. ತೋಟಕ್ಕೆ ತಾನೇ ಅನ್ನಬೇಡಿ. ನಲ್ಲಿ ಮೇಲೆ 'ಕುಡಿಯಲು ಅಲ್ಲ' ಅಂತ ಕೆಂಪಕ್ಷರದಲ್ಲಿ ಬರೆದರೂ ಮಕ್ಕಳು ಆಟ ಮುಗಿಸಿ ಬಂದು ಅದಕ್ಕೇ ಬಾಯಿ ಹಚ್ಚುತ್ತಾರೆ. ನಮ್ಮ ಎರಡೂ ಜಿಲ್ಲೆಯಲ್ಲಿ ಫ್ಲೋರೈಡ್ ಕಾಟ ಬೇರೆ. ಕುಡಿಯುವ ನೀರಿನಲ್ಲಿ ಲಿಟರಿಗೆ 1.5 ಮಿಲಿಗ್ರಾಂ ದಾಟಬಾರದು. ಹೊಸ ಬೋರ್ ನೀರನ್ನು ಮೊದಲ ವಾರವೇ ಪರೀಕ್ಷೆಗೆ ಕೊಡಿ.

ಇನ್ನೊಂದು ಮಾತು. ಸ್ನಾನದ ನೀರು, ಬಟ್ಟೆ ಒಗೆದ ನೀರು ಎಲ್ಲಿಗೆ ಹೋಗುತ್ತಿದೆ? ನಿಮ್ಮಲ್ಲಿ 200 ಮಕ್ಕಳಿದ್ದಾರೆ ಅಂತ ಇಟ್ಟುಕೊಳ್ಳಿ. ಒಬ್ಬರಿಗೆ 40 ಲಿಟರ್ ಅಂದರೂ ದಿನಕ್ಕೆ 8,000 ಲಿಟರ್. ನಿಮ್ಮ ತೆಂಗಿಗೆ ಬೇಕಾದ್ದಕ್ಕಿಂತ ಜಾಸ್ತಿನೇ ಆಯಿತು. ನಮ್ಮಲ್ಲಿ ಬಾತ್‌ರೂಮ್ ಲೈನನ್ನು ಟಾಯ್ಲೆಟ್ ಲೈನಿನಿಂದ ಬೇರೆ ಮಾಡಿಸಿದೆವು. ಜಲ್ಲಿ, ಮರಳು ತುಂಬಿದ ತೊಟ್ಟಿ ದಾಟಿಸಿ, ಕೊನೆಗೆ ಬಾಳೆ ಮತ್ತು ಕಾಬಾಳೆ ಹೂವಿನ ಪಾತಿಗೆ ಬಿಟ್ಟು ತೆಂಗಿಗೆ ಹರಿಸುತ್ತೇವೆ. ಡ್ರಿಪ್‌ಗೆ ಬಿಡಬೇಡಿ, ತೂತು ಕಟ್ಟಿಕೊಳ್ಳುತ್ತವೆ. ಬುಡಕ್ಕೆ ಪಾತಿ ಮಾಡಿ ಹರಿಸಿ. ತರಕಾರಿ ಸೊಪ್ಪಿಗೂ ಬೇಡ. ಸೋಪಿನ ನೊರೆ ನೋಡಿ ಮಾಲಿ ಮೊದಲು ಮುಖ ಸಿಂಡರಿಸಿದ್ದ. ಈಗ ಕಾಯಿ ಎಣಿಸುವಾಗ ಏನೂ ಮಾತಾಡುವುದಿಲ್ಲ.

ಬೋರ್ ಲಾರಿ

ದಾವಣಗೆರೆಯಲ್ಲಿ ಬೋರ್ ಏಜೆಂಟ್ ನಾನು. ಬೈಯಬೇಡಿ, ನಾನೂ ನಿಮ್ಮ ಪರವಾಗೇ ಹೇಳುತ್ತೇನೆ. ನಮ್ಮ ಕಡೆ ಬರುವ ಲಾರಿ ಬಹಳಷ್ಟು ತಮಿಳುನಾಡಿನ ತಿರುಚೆಂಗೋಡಿನವು. ಹುಡುಗರು ಅಡಿ ಲೆಕ್ಕದಲ್ಲಿ ದುಡಿಯುವವರು. ನಿಲ್ಲಿಸಿ ಅಂತ ನೀವು ಹೇಳದಿದ್ದರೆ ಅವರು ಹೇಳುವುದಿಲ್ಲ. ಮುನ್ನೂರು ಅಡಿ ದಾಟಿದ ಮೇಲೆ ಪ್ರತಿ ನೂರಕ್ಕೂ ರೇಟ್ ಏರುತ್ತದೆ. ಆ ಏರಿಕೆ, ಕೇಸಿಂಗ್ ರೇಟು ಎಲ್ಲ ಮೊದಲೇ ಕಾಗದದ ಮೇಲೆ ಬರೆಸಿಕೊಳ್ಳಿ. ಎಷ್ಟು ಅಡಿಗೆ ನಿಲ್ಲಿಸಬೇಕು ಅನ್ನುವುದನ್ನೂ ಮಂಡಳಿ ಮೀಟಿಂಗ್‌ನಲ್ಲೇ ತೀರ್ಮಾನಿಸಿ. ರಾತ್ರಿ ಎರಡು ಗಂಟೆಗೆ ಧೂಳು ಹಾರುತ್ತಿರುವಾಗ 'ಇನ್ನೊಂದು ಐವತ್ತು ಅಡಿ ನೋಡೋಣ' ಅನ್ನುವ ಒಬ್ಬರು ಎಲ್ಲ ಕಡೆ ಇರುತ್ತಾರೆ.

ಕೊರೆಯುವಾಗ ಒಬ್ಬರು ನೋಟ್ ಬುಕ್ ಹಿಡಿದು ಕೂರಲಿ. ಪ್ರತಿ ಹತ್ತು ಅಡಿಗೆ ಬಂದ ಪುಡಿ ಒಂದೊಂದು ಹಿಡಿ ಸಾಲಾಗಿ ಇಡಿ. ಒಂದೊಂದು ರಾಡ್ ಇಳಿಯಲು ಎಷ್ಟು ನಿಮಿಷ ಹಿಡಿಯಿತು ಬರೆಯಿರಿ. ದಢಕ್ಕಂತ ಬೇಗ ಇಳಿದರೆ ಬಿರುಕು ಸಿಕ್ಕಿದೆ ಅಂತ. ಎಷ್ಟನೇ ಅಡಿಗೆ ತೇವ, ಎಷ್ಟನೇ ಅಡಿಗೆ ನೀರು, ಎಲ್ಲ ಬರೆದಿಡಿ. ನಾಳೆ ಪಂಪ್ ಯಾವ ಆಳಕ್ಕೆ ಬಿಡಬೇಕು ಅನ್ನುವುದು ಅದರಿಂದಲೇ ಗೊತ್ತಾಗುವುದು. ನಿಮ್ಮ 2014ರ ಬೋರಿಗೆ ಇದು ಇಲ್ಲದ್ದಕ್ಕೇ ಈಗ ಪರದಾಡುತ್ತಿದ್ದೀರಿ.

ಮೂರು ಇಂಚು ನೀರು ಅಂತ ಕಾಯಿಯವರು ಹೇಳಿದರಲ್ಲ, ಇಂಚಿನ ಲೆಕ್ಕ ಕೇಳಿ. ಅದು ಪೈಪಿನ ಅಳತೆ ಅಲ್ಲ. ವಿ ಆಕಾರದ ಕಚ್ಚು ಕೊಯ್ದ ತಗಡಿನ ಪೆಟ್ಟಿಗೆಯಲ್ಲಿ ನೀರು ಹರಿಯುವಾಗ ಅದರ ಎತ್ತರ. 90 ಡಿಗ್ರಿ ಕಚ್ಚಿನಲ್ಲಿ 1 ಇಂಚು ಅಂದರೆ ಗಂಟೆಗೆ ಬರೀ 500 ಲಿಟರ್. 2 ಇಂಚು ಅಂದರೆ 2,900 ಲಿಟರ್. 3 ಇಂಚಿಗೆ 8,000 ಲಿಟರ್ ಹತ್ತಿರ. ನಿಮಗೆ ಬೇಕಾದ 17,000 ಲಿಟರಿಗೆ 2 ಇಂಚು ನೀರು ಆರು ಗಂಟೆ ಬಂದರೆ ಸಾಕು. ಲಾನ್ ಬಿಟ್ಟರೆ ಎರಡೂವರೆ ಗಂಟೆ. ಮೂರು ಇಂಚಿನ ಆಸೆಗೆ ಆಳಕ್ಕೆ ಹೋಗುವುದೇ ಬೇಡ.

ಲಾರಿ ಹೋಗುವ ಮುಂಚೆ ಕಂಪ್ರೆಸರ್ ಗಾಳಿಗೆ ಚಿಮ್ಮಿದ ನೀರು ನೋಡಿ ಪಂಪ್ ತರಬೇಡಿ. ಬಾಡಿಗೆ ಪಂಪ್ ಬಿಟ್ಟು ಇಡೀ ದಿನ ಓಡಿಸಿ, ಗಂಟೆಗೊಮ್ಮೆ ಮಟ್ಟ ನೋಡಿ, ನಿಲ್ಲಿಸಿದ ಮೇಲೆ ಎಷ್ಟು ಹೊತ್ತಿಗೆ ಮತ್ತೆ ಏರುತ್ತದೆ ಅದನ್ನೂ ನೋಡಿ. ಬೋರ್ ಕೊಡುವುದಕ್ಕಿಂತ ದೊಡ್ಡ ಪಂಪ್ ಹಾಕಿದರೆ ಸುಡುವುದು ಗ್ಯಾರಂಟಿ. ಟ್ರಾನ್ಸ್‌ಫಾರ್ಮರ್‌ನಿಂದ ಅಷ್ಟು ದೂರಕ್ಕೆ ಕೇಬಲ್ ಸ್ವಲ್ಪ ದಪ್ಪದ್ದೇ ಬೇಕು, ವೋಲ್ಟೇಜ್ ಬೀಳುತ್ತದೆ. ಆ ಖರ್ಚು ನೂರಿನ್ನೂರು ಅಡಿ ಸುಮ್ನೆ ಕೊರೆಸಿದ್ದಕ್ಕಿಂತ ಮೇಲು. ಅದು ಕಣ್ಣಿಗೆ ಕಾಣುವ ಸಾಮಾನು.

ಕಾನೂನಿನದು ಒಂದು ಮರೆಯಬೇಡಿ. ಮಕ್ಕಳು ಬೋರಿಗೆ ಬಿದ್ದ ಪ್ರಕರಣಗಳಾದ ಮೇಲೆ 2010ರಲ್ಲಿ ಸುಪ್ರೀಂ ಕೋರ್ಟ್ ನಿಯಮ ಹಾಕಿದೆ. ಕೊರೆಯುವ 15 ದಿನ ಮುಂಚೆ ಅಧಿಕಾರಿಗಳಿಗೆ ಬರೆದು ತಿಳಿಸಬೇಕು. ಸ್ಥಳದಲ್ಲಿ ಬೋರ್ಡು, ಸುತ್ತ ಬೇಲಿ, ಕೇಸಿಂಗ್ ಬಾಯಿಗೆ ಬೆಸುಗೆ ಹಾಕಿದ ಉಕ್ಕಿನ ಮುಚ್ಚಳ. ನಿಮ್ಮ ಹಳೇ 610 ಅಡಿ ಬೋರಿಗೆ ಈಗ ಏನು ಮುಚ್ಚಿದ್ದೀರಿ?

ಶೇಂಗಾಹೊಲ (ಚಿತ್ರದುರ್ಗ)

ಚಪ್ಪಡಿ ಕಲ್ಲು ಮುಚ್ಚಿತ್ತು. ನಿಮ್ಮ ಮಾತು ಓದಿದ ಮೇಲೆ ವೆಲ್ಡಿಂಗ್‌ನವನನ್ನು ಕರೆಸಿ ಉಕ್ಕಿನ ತಗಡು ಹಾಕಿಸಿದ್ದೇನೆ. ಬಿಲ್ ಪಾಸಾಗುತ್ತೋ ಇಲ್ಲವೋ ಆಮೇಲಿನ ಮಾತು.

ಕಲ್ಲುಮಣ್ಣು ಸರ್, ಆ ಬೋರ್ ಸತ್ತಿಲ್ಲ ಅಂದಿರಿ. ಹಾಗಾದರೆ ಹೊಸದು ಕೊರೆಸುವ ಮುಂಚೆ ಅದಕ್ಕೇ ಏನಾದರೂ ಮಾಡಬಹುದಾ?

ಕಲ್ಲುಮಣ್ಣು

ಅದನ್ನೇ ಮೊದಲು ಮಾಡಬೇಕು. ಕಂಪ್ರೆಸರ್ ತರಿಸಿ ಫ್ಲಶಿಂಗ್ ಮಾಡಿಸಿ, ಒಳಗಿನ ಹೂಳು ಹೊರಗೆ ಬರಲಿ. ಕ್ಯಾಮೆರಾ ಬಿಟ್ಟು ನೋಡುವವರೂ ಈಗ ಸಿಗುತ್ತಾರೆ. ಬಿರುಕು ಎಷ್ಟನೇ ಅಡಿಗಿದೆ ಅಂತ ಕಣ್ಣಾರೆ ಕಾಣುತ್ತದೆ. ಹೊಸ ಬೋರಿನ ಆಳ ತೀರ್ಮಾನಿಸಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆ ಬೇಡ.

ಆಮೇಲೆ ಅದನ್ನು ಮಳೆ ನೀರು ನೆಲಕ್ಕೆ ಇಳಿಸುವ ಇಂಗು ಬೋರ್ ಮಾಡಿ. ಕೇಸಿಂಗ್ ಸುತ್ತ ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಆಳದ ಗುಂಡಿ. ಗುಂಡಿಯೊಳಗೆ ಬರುವ ಕೇಸಿಂಗ್ ಭಾಗಕ್ಕೆ ಸಣ್ಣ ತೂತು, ಅದರ ಮೇಲೆ ಜಾಲರಿ ಸುತ್ತು. ತಳಕ್ಕೆ ದಪ್ಪ ಕಲ್ಲು, ಮೇಲೆ ಜಲ್ಲಿ, ಅದರ ಮೇಲೆ ಮರಳು. ಕ್ಲಾಸ್ ರೂಮಿನ ತಾರಸಿ ನೀರು ಅದಕ್ಕೆ ಬರಲಿ. 1,500 ಚದರ ಮೀಟರ್ ತಾರಸಿ ಇದ್ದರೆ, 600 ಮಿಲಿಮೀಟರ್ ಮಳೆಯಲ್ಲಿ ನೂರಕ್ಕೆ 80 ಪಾಲು ಸಿಕ್ಕಿದರೂ ವರ್ಷಕ್ಕೆ 7 ಲಕ್ಷ ಲಿಟರ್ ದಾಟುತ್ತದೆ. ಹಾಸ್ಟೆಲ್ ಮೇಡಂ ಹೇಳಿದ ಸ್ನಾನದ ನೀರು ತೆಂಗಿಗೆ ಸರಿ, ಇಲ್ಲಿಗೆ ಒಂದು ತೊಟ್ಟೂ ಬರಕೂಡದು. ಬಿರುಕಿಗೆ ಹೋದ ಕೊಳೆಯನ್ನು ತೊಳೆಯಲು ಆಗುವುದಿಲ್ಲ. ಗೋಕಟ್ಟೆಯ ಹೂಳನ್ನೂ ಬೇಸಿಗೆಯಲ್ಲಿ ತೆಗೆಸಿ.

ಹೊಸ ಬೋರನ್ನು ಇದರ ಮಗ್ಗುಲಿಗೇ ತರಬೇಡಿ. ಉತ್ತರಕ್ಕೆ ಸರ್ವೆ ಒಪ್ಪಿದಷ್ಟು ದೂರ ಇರಲಿ. ಗರಸು ಅಲ್ಲೂ 60 ಅಡಿ ಸುತ್ತಮುತ್ತ ಇದ್ದರೆ ನಾನಾದರೆ 400 ಅಡಿಗೆ ನಿಲ್ಲಿಸುತ್ತೇನೆ. ಅಷ್ಟರೊಳಗೆ ನೀರಿನ ಎಳೆ ಸಿಗದಿದ್ದರೆ ಆ ನೆಲದಲ್ಲಿ ಕೆಳಗೂ ಸಿಗುವುದು ಕಷ್ಟ. ಕ್ಯಾಮೆರಾ ಬೇರೆ ಏನಾದರೂ ಹೇಳಿದರೆ ಆಗ ನೋಡೋಣ.

ಅಡಿಕೆ ಭರಮಸಾಗರ

ಮಂಡಳಿಯವರನ್ನು ಒಂದು ಭಾನುವಾರ ಕೋಟೆ ಹತ್ತಿಸಿ ಅಣ್ಣಾ. ಗೋಪಾಲಸ್ವಾಮಿ ಹೊಂಡದ ನೀರು ಅಕ್ಕತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆ ಹೊಂಡಕ್ಕೆ ಹೇಗೆ ಇಳಿದು ಬರುತ್ತದೆ ತೋರಿಸಿ. ಪಾಳೇಗಾರರ ಕಾಲದಲ್ಲಿ ಟ್ರಾನ್ಸ್‌ಫಾರ್ಮರ್ ಎಲ್ಲಿದೆ ಅಂತ ನೋಡಿ ಹೊಂಡ ತೋಡಲಿಲ್ಲ.

ಶೇಂಗಾಹೊಲ (ಚಿತ್ರದುರ್ಗ)

ಮೀಟಿಂಗ್ ಆಯಿತು. ಗೇಟ್ ಪಾಯಿಂಟ್ ಕೈಬಿಟ್ಟರು. 500 ಮೀಟರ್ ಕಾಯ್ದೆಯ ಮಾತು ಎತ್ತಿದ ಮೇಲೆ ಯಾರೂ ಜಾಸ್ತಿ ವಾದ ಮಾಡಲಿಲ್ಲ. ಕಲ್ಲಿನ ವಿವರ ಹೇಳುವಾಗ ಅರ್ಧ ಜನ ಫೋನ್ ನೋಡುತ್ತಿದ್ದರು. ಲಾನ್ ಪೂರ್ತಿ ಬಿಡಲು ಅಧ್ಯಕ್ಷರು ಒಪ್ಪಲಿಲ್ಲ, ಕಾಲು ಎಕರೆಗೆ ಇಳಿಸಿದ್ದಾರೆ. ಪ್ರಿನ್ಸಿಪಾಲರಿಗೆ ಸೋಕ್ ಪಿಟ್ ತೋರಿಸಿಕೊಂಡು ಬಂದೆ, ಅವರೂ ಸುಮ್ಮನಾದರು. ಅಂತರ್ಜಲ ಕಚೇರಿಗೆ ಅರ್ಜಿ ಕೊಟ್ಟಾಗಿದೆ. ಹಳೇ ಬೋರಿನ ಫ್ಲಶಿಂಗ್ ಮುಂದಿನ ವಾರ. ನೀರು ಬಂದರೆ ಅಳೆಯಲು ಆ ವಿ ಕಚ್ಚಿನ ಪೆಟ್ಟಿಗೆ ಇಲ್ಲಿ ಯಾರ ಹತ್ತಿರವೂ ಇಲ್ಲ. ಎಲ್ಲಿ ಸಿಗುತ್ತದೆ?

ಬೋರ್ ಲಾರಿ

ನನ್ನ ಹತ್ತಿರ ಎರಡಿವೆ. ಸೋಮವಾರ ದುರ್ಗದ ಕಡೆ ಲಾರಿ ಬರುತ್ತದೆ, ಒಂದನ್ನು ಡ್ರೈವರ್ ಕೈಲಿ ಕಳಿಸುತ್ತೇನೆ. ಪೆಟ್ಟಿಗೆ ಸಿಗದ ದಿನ 200 ಲಿಟರ್ ಡ್ರಮ್ ಇಟ್ಟು ಗಡಿಯಾರ ನೋಡಿ. ನಾಲ್ಕು ನಿಮಿಷಕ್ಕೆ ತುಂಬಿದರೆ ಗಂಟೆಗೆ 3,000 ಲಿಟರ್ ಅಂತ ಬರೆದುಕೊಳ್ಳಿ. ಮೊದಲ ಡ್ರಮ್ ಲೆಕ್ಕಕ್ಕೆ ಹಿಡಿಯಬೇಡಿ, ಮೂರು ಗಂಟೆ ಓಡಿದ ಮೇಲೆ ಅಳೆಯಿರಿ.